ತವರಿನ ನೀರು, ಗಂಡನ ಮನೆಯ ನಲ್ಲಿ

ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು ತವರಿನಿಂದ ಏನಾದರೊಂದನ್ನು ತಂದೇ ತರುತ್ತಾರೆ. ಒಬ್ಬರ ಮನೆಯಲ್ಲಿ ಅಮ್ಮ ಕೊಟ್ಟ ಉಪ್ಪಿನಕಾಯಿ ಜಾಡಿ, ಇನ್ನೊಬ್ಬರ ಮನೆಯಲ್ಲಿ ಅಜ್ಜಿ ಹೊಲಿದ ಕೌದಿ. ನನ್ನ ತವರು ತರೀಕೆರೆ ಸೀಮೆ, ಗಂಡನ ಮನೆ ದಾವಣಗೆರೆ. ನಾನು ತಂದದ್ದು ಹಾಗಿರಲಿ, ನಾನು ಕೇಳದೆಯೇ ತವರು ದಿನವೂ ನನ್ನ ಅಡುಗೆಮನೆಗೆ ಕಳುಹಿಸುವ ಒಂದು ವಸ್ತುವಿದೆ. ಅದು ನೀರು.

ಕೆಮ್ಮಣ್ಣುಗುಂಡಿಗೆ ಪ್ರವಾಸ ಹೋದವರಿಗೆ ಹೆಬ್ಬೆ ಗೊತ್ತಿರುತ್ತದೆ. ಬಾಬಾಬುಡನ್ ಗಿರಿ ಸಾಲಿನ ಕಾಡಿನೊಳಗೆ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತಗಳಲ್ಲಿ ಸುಮಾರು 551 ಅಡಿ ಧುಮುಕುವ ಜಲಪಾತ ಅದು. ಜಲಪಾತದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ನಾವು ಮನೆಗೆ ಬರುತ್ತೇವೆ. ನೀರು ಮಾತ್ರ ಅಲ್ಲಿ ನಿಲ್ಲುವುದಿಲ್ಲ. ಕಾಡಿನ ಹಳ್ಳಗಳ ಮೂಲಕ ಹರಿದು ಭದ್ರಾ ನದಿಯನ್ನು ಸೇರುತ್ತದೆ, ಲಕ್ಕವಳ್ಳಿಯ ಅಣೆಕಟ್ಟಿನ ಹಿಂದೆ ನಿಲ್ಲುತ್ತದೆ. 1947ರಲ್ಲಿ ಆರಂಭವಾಗಿ 1960ರ ದಶಕದಲ್ಲಿ ಮುಗಿದ ಈ ಜಲಾಶಯ 71.5 ಟಿಎಂಸಿ ನೀರು ಹಿಡಿಯುತ್ತದೆ, ಸುಮಾರು ಒಂದು ಲಕ್ಷ ಹೆಕ್ಟೇರ್ ಭೂಮಿಗೆ ನೀರುಣಿಸುತ್ತದೆ. ಇದರ ಬಲದಂಡೆ ನಾಲೆ ದಾವಣಗೆರೆಯ ಕಡೆಗೆ ಬರುತ್ತದೆ. ಗದ್ದೆಗಳಿಗೆ ಹರಿಯುತ್ತಲೇ ನಮ್ಮೂರಿನ ಕುಂದವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳನ್ನು ತುಂಬಿಸುತ್ತದೆ. ಅಲ್ಲಿ ಶುದ್ಧವಾಗಿ ನಲ್ಲಿಗೆ ಬರುತ್ತದೆ. ರಾಜನಹಳ್ಳಿಯಿಂದ ತುಂಗಭದ್ರಾ ನೀರೂ ಊರಿಗೆ ಬರುತ್ತದೆ. ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಒಂದಾದ ನೀರಾದ್ದರಿಂದ ಅದರಲ್ಲೂ ನನ್ನ ತವರಿನ ಪಾಲಿದೆ.

ಅದೇ ಗಿರಿಯ ಇನ್ನೊಂದು ಮಗ್ಗುಲಿನ ಕಥೆ ಬೇರೆ. ಪೂರ್ವಕ್ಕೆ ಇಳಿದ ಹಳ್ಳಗಳು ಸಖರಾಯಪಟ್ಟಣದ ಅಯ್ಯನಕೆರೆಯನ್ನೂ ಕಡೂರು ಸೀಮೆಯ ಮದಗದ ಕೆರೆಯನ್ನೂ ತುಂಬಿಸಿ ವೇದಾವತಿ ನದಿಗೆ ಸೇರುತ್ತವೆ. ಬೆಟ್ಟದ ಮೇಲೆ ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆ, ಕಣ್ಣಳತೆಯ ದೂರದಲ್ಲಿರುವ ಕಡೂರಿನ ಬಯಲಿಗೆ ಬರುವಷ್ಟರಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರಿಗೆ ಇಳಿಯುತ್ತದೆ. ನಮ್ಮ ಅಬ್ಬನ ತೆಂಗಿನ ತೋಟ ಇರುವುದು ಈ ಬಯಲಿನ ಅಂಚಿನಲ್ಲಿ. ಅಂಗಳದಲ್ಲಿ ನಿಂತರೆ ಮೋಡ ಕವಿದ ಬೆಟ್ಟ ಕಾಣುತ್ತದೆ, ಕಾಲಡಿಯ ಮಣ್ಣು ಒಣಗಿರುತ್ತದೆ.

ಇಷ್ಟೆಲ್ಲ ನಾನು ಶಾಲೆಯಲ್ಲಿ ಕಲಿತದ್ದಲ್ಲ. ನನ್ನ ಹಿರಿಯ ಮಗಳು ಭೂಗೋಳದಲ್ಲಿ ಎಂ.ಎ. ಓದುವಾಗ ಒಂದು ಅಧ್ಯಯನ ಮಾಡಬೇಕಿತ್ತು. ನಗರ ಬೆಳೆದಂತೆ ಸುತ್ತಲಿನ ಹೊಲಗದ್ದೆಗೆ, ನೀರಿಗೆ, ಜನರ ಬದುಕಿಗೆ ಏನಾಗುತ್ತದೆ ಎಂಬುದೇ ವಿಷಯ. ಹಳ್ಳಿಗಳಿಗೆ ಒಬ್ಬಳನ್ನೇ ಕಳುಹಿಸುವುದು ಬೇಡವೆಂದು ನಾನೂ ಜೊತೆಗೆ ಹೊರಟೆ. ಅವಳ ಕೈಯಲ್ಲಿ ಪ್ರಶ್ನೆಗಳ ಹಾಳೆ, ನನ್ನ ಚೀಲದಲ್ಲಿ ನೀರಿನ ಬಾಟಲಿ ಮತ್ತು ಮಂಡಕ್ಕಿ. ಹಾಗೆ ತಿಂಗಳುಗಟ್ಟಲೆ ಅಲೆದಾಗ ನಾನು ಕಂಡುಕೊಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು. ಏಕೆಂದರೆ ಇದು ಮಣ್ಣು, ನೀರುಗಳ ವಿಷಯವಾದರೂ ಬಂದು ತಟ್ಟುವುದು ನಮ್ಮ ಅಡುಗೆಮನೆಗೆ.

ಮೊದಲ ಪಾಠ ಪ್ರಶ್ನೆ ಹಾಳೆಯಿಂದಲೇ ಸಿಕ್ಕಿತು. ಅದರಲ್ಲಿ ಮೊದಲ ಸಾಲು "ಕುಟುಂಬದ ಯಜಮಾನನ ಹೆಸರು". ಆದ್ದರಿಂದ ಪ್ರತಿ ಮನೆಯಲ್ಲೂ ಗಂಡಸರೇ ಬಂದು ಕುರ್ಚಿಯಲ್ಲಿ ಕುಳಿತರು. ಎಷ್ಟು ಎಕರೆ ಇತ್ತು, ಎಷ್ಟಕ್ಕೆ ಮಾರಿದೆವು, ಬೋರ್‌ವೆಲ್ ಎಷ್ಟು ಅಡಿ ಕೊರೆಸಿದೆವು ಎಂದು ಲೆಕ್ಕ ಹೇಳಿದರು. ಅದು ಬೇಕಾದ ಲೆಕ್ಕವೇ. ಆದರೆ ಮಗಳು ಬರೆದುಕೊಳ್ಳುತ್ತಿರುವಾಗ ಒಳಗೆ ಒಲೆಯ ಬಳಿ ನನಗೆ ಇನ್ನೊಂದು ಲೆಕ್ಕ ಸಿಗುತ್ತಿತ್ತು. ಬಾವಿಯ ಹಗ್ಗಕ್ಕೆ ಯಾವ ವರ್ಷ ಎಷ್ಟು ಮಾರು ಸೇರಿಸಬೇಕಾಯಿತು, ಯಾವ ತಿಂಗಳಿನಿಂದ ಟ್ಯಾಂಕರ್‌ಗೆ ಕಾಯಬೇಕಾಯಿತು, ಹಸುವಿಗೆ ಹುಲ್ಲು ಸಿಗದೆ ಯಾವಾಗ ಮಾರಿದರು, ಬಟ್ಟೆ ಒಗೆಯಲು ಹೋಗುತ್ತಿದ್ದ ಹಳ್ಳ ಯಾವಾಗ ನಾರತೊಡಗಿತು ಎಂಬುದೆಲ್ಲ ಹೆಂಗಸರಿಗೆ ಗೊತ್ತು. ಇದು ಯಾವ ಕಚೇರಿಯ ಕಡತದಲ್ಲೂ ಇರುವುದಿಲ್ಲ. ಎರಡನೇ ವಾರ ಮಗಳು ಹಾಳೆಯನ್ನು ಬದಲಾಯಿಸಿದಳು. "ಮನೆಗೆ ನೀರು ತರುವವರು ಯಾರು?" ಎಂಬುದು ಮೊದಲ ಪ್ರಶ್ನೆಯಾಯಿತು. ಆಮೇಲೆ ಕುರ್ಚಿಗೆ ಹೆಂಗಸರು ಬಂದರು.

ದಾವಣಗೆರೆ ಬೆಳೆದ ಬಗೆ ನಿಮಗೂ ತಿಳಿದಿರಬಹುದು. 1997ರಲ್ಲಿ ಜಿಲ್ಲಾ ಕೇಂದ್ರವಾಯಿತು, 2007ರಲ್ಲಿ ಮಹಾನಗರ ಪಾಲಿಕೆಯಾಯಿತು, 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ಹೆಸರು ಬಂತು. 2001ರಲ್ಲಿ 3.64 ಲಕ್ಷವಿದ್ದ ಜನಸಂಖ್ಯೆ 2011ರಲ್ಲಿ 4.35 ಲಕ್ಷವಾಯಿತು. ರಾಜ್ಯದಲ್ಲೂ ಹಾಗೆಯೇ. ಅದೇ ಹತ್ತು ವರ್ಷಗಳಲ್ಲಿ ಪಟ್ಟಣವಾಸಿಗಳ ಪ್ರಮಾಣ ಶೇ. 34ರಿಂದ ಶೇ. 38ಕ್ಕಿಂತ ಮೇಲೇರಿತು. ಈ ಜನರಿಗೆಲ್ಲ ಮನೆ ಬೇಕಲ್ಲವೇ? ಶಾಮನೂರು, ಅವರಗೆರೆಯಂತಹ ಅಕ್ಕಪಕ್ಕದ ಹಳ್ಳಿಗಳು ಊರಿನೊಳಗೆ ಬಂದವು, ಗದ್ದೆಗಳು ಬಡಾವಣೆಗಳಾದವು. ನಾವಿರುವ ಮನೆಯೂ ಅಂತಹ ಒಂದು ಗದ್ದೆಯ ಮೇಲೆಯೇ ನಿಂತಿದೆ.

ನಮ್ಮ ಬೀದಿಯ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯಲು ಬರುವ ಒಬ್ಬ ಅಜ್ಜಿ ಇದ್ದಾರೆ. ಮಗಳು ಕೇಳಿದ ಒಂದೇ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಇದು: "ನಿಮ್ಮನಿ ಅಡಿಗಿಮನಿ ಐತಲ್ಲವ್ವ, ಅಲ್ಲೇ ನಾವು ಸಸಿ ಹಚ್ಚತಿದ್ವಿ. ಆಗಲೂ ಬೆಳಿಗ್ಗೆ ಏಳಕ್ಕೇ ಬರತಿದ್ದೆ, ಈಗಲೂ ಏಳಕ್ಕೇ ಬರತೀನಿ." ಅದೇ ಜಾಗ, ಅದೇ ಹೊತ್ತು. ಬದಲಾದದ್ದು ಕೆಲಸ ಒಂದೇ. ಮೊದಲು ಹತ್ತಾರು ಹೆಂಗಸರ ಗುಂಪಿನಲ್ಲಿ ನಗುತ್ತಾ ಮಾತಾಡುತ್ತಾ ನಾಟಿ ಮಾಡುತ್ತಿದ್ದರು. ಸುಗ್ಗಿಯಲ್ಲಿ ಕೂಲಿಯ ಜೊತೆಗೆ ಭತ್ತವೂ ಮನೆಗೆ ಬರುತ್ತಿತ್ತು, ಬದುವಿನ ಹುಲ್ಲು ಎಮ್ಮೆಗೆ ಆಗುತ್ತಿತ್ತು. ಈಗ ತಿಂಗಳಿಗೆ ಇಂತಿಷ್ಟು ಸಂಬಳ, ಅದರಲ್ಲೇ ಅಕ್ಕಿ, ಅದರಲ್ಲೇ ಹಾಲು. ಸಂಬಳ ಖಚಿತವಾಗಿ ಸಿಗುತ್ತದೆ, ಬಿಸಿಲಿಲ್ಲ, ಬೆನ್ನು ಬಾಗಿಸಬೇಕಿಲ್ಲ ಎಂದೂ ಅವರೇ ಹೇಳಿದರು. ಹಳೆಯದೆಲ್ಲ ಚೆನ್ನಾಗಿತ್ತು ಎಂದು ಅವರು ಕಣ್ಣೀರು ಹಾಕಲಿಲ್ಲ. ಆದರೆ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಗದ್ದೆ ಮಾರಿದಾಗ ಮಾಲೀಕರಿಗೆ ಹಣ ಬಂತು, ದಲ್ಲಾಳಿಗೆ ಕಮಿಷನ್ ಬಂತು. ಇಪ್ಪತ್ತು ವರ್ಷ ಆ ಗದ್ದೆಯಲ್ಲಿ ಸಸಿ ಹಚ್ಚಿದವರಿಗೆ ಮಾರಿದ ಸುದ್ದಿಯನ್ನೂ ಯಾರೂ ಹೇಳಿರಲಿಲ್ಲ. ಮುಂದಿನ ಮಳೆಗಾಲಕ್ಕೆ ಹೋದಾಗ ಅಲ್ಲಿ ಕಲ್ಲು ನೆಟ್ಟಿದ್ದರಂತೆ.

ನಮ್ಮೂರಿನ ಮಂಡಕ್ಕಿ ಭಟ್ಟಿಗಳನ್ನು ಕೇಳಿದ್ದೀರಲ್ಲವೇ? ನಮ್ಮ ಸಮುದಾಯದ ನೂರಾರು ಕುಟುಂಬಗಳಿಗೆ ಅನ್ನ ಕೊಟ್ಟ ಕಸುಬು ಅದು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಕಾದ ಮರಳಿನಲ್ಲಿ ಹುರಿದು ಮಂಡಕ್ಕಿ ಮಾಡುತ್ತಾರೆ. ನಾಲೆ ಬಂದು ಗದ್ದೆಗಳು ಹೆಚ್ಚಿದ್ದು ಈ ಕಸುಬಿಗೂ ಬಲ ಕೊಟ್ಟಿತು. ಹೊಲಕ್ಕೂ ಪೇಟೆಗೂ ನಡುವೆ ಇಂತಹ ಎಷ್ಟೋ ನೂಲುಗಳಿವೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಅಲುಗುತ್ತದೆ.

ಈಗ ನೀರಿನ ವಿಷಯಕ್ಕೆ ಬರೋಣ. ಯಾವ ಹಳ್ಳಿಗೆ ಹೋದರೂ "ಮೊದಲಿನ ಹಾಗೆ ಮಳೆ ಇಲ್ಲ" ಎಂಬ ಒಂದು ಮಾತು ಎಲ್ಲರ ಬಾಯಲ್ಲೂ ಇರುತ್ತದೆ. ಸಂಶೋಧಕರು ಈ ಮಾತನ್ನು ಹಾಗೆಯೇ ಒಪ್ಪಿಕೊಳ್ಳುವುದಿಲ್ಲ ಎಂದು ಮಗಳು ನನಗೆ ಬೆಂಗಳೂರಿನ ಅರ್ಕಾವತಿ ನದಿಯ ಉದಾಹರಣೆ ಕೊಟ್ಟಳು. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಬಾರಿಗೆ ಕೊಳವೆಯಲ್ಲಿ ನೀರು ಬಂದದ್ದು ಈ ನದಿಯ ಹೆಸರಘಟ್ಟ ಕೆರೆಯಿಂದ. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಮುಂದೆ ಎರಡಕ್ಕೂ ಹರಿದು ಬರುವ ನೀರು ಕಡಿಮೆಯಾಗುತ್ತಾ ಹೋಯಿತು. 1974ರ ಹೊತ್ತಿಗೆ ಬೆಂಗಳೂರು ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ನೀರು ಎತ್ತಿ ತರತೊಡಗಿತು. ಅರ್ಕಾವತಿ ಏಕೆ ಒಣಗಿತು? ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಒಂದೊಂದೇ ಅನುಮಾನವನ್ನು ಪರೀಕ್ಷಿಸಿ 2015ರಲ್ಲಿ ತಮ್ಮ ಉತ್ತರ ಪ್ರಕಟಿಸಿದರು. ಮಳೆ ಅಷ್ಟೇನೂ ಕಡಿಮೆಯಾಗಿರಲಿಲ್ಲ. ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದು, ನೀಲಗಿರಿ ತೋಪುಗಳು ಹಬ್ಬಿದ್ದು, ಹಳ್ಳಕಾಲುವೆಗಳಿಗೆ ಅಡ್ಡ ಕಟ್ಟಿದ್ದು, ಇವೇ ಹೆಚ್ಚಿನ ಕಾರಣಗಳಾಗಿ ಕಂಡವು. ಮಳೆ ಬರುತ್ತಿತ್ತು. ಅದು ನದಿಗೆ ತಲುಪುವ ದಾರಿಯಲ್ಲಿ ನಾವು ಕುಳಿತಿದ್ದೆವು.

ಇದನ್ನು ಕೇಳಿದ ಮೇಲೆ ನಾನೂ ಮಳೆಯನ್ನು ದೂರುವ ಮೊದಲು ಬೇರೆ ಅನುಮಾನಗಳನ್ನು ಎಣಿಸುವುದನ್ನು ಕಲಿತೆ. ದಾವಣಗೆರೆ ಭಾಗದ ನಾಲೆಯ ಕೊನೆಯ ರೈತರಿಗೆ ನೀರು ಮುಟ್ಟುವುದಿಲ್ಲ ಎಂಬ ದೂರು ಬಹಳ ಹಳೆಯದು. ಊರಿನ ಜನ ಕುಡಿದು ಮುಗಿಸುತ್ತಾರೆ ಎಂದು ಕೆಲವರು ಹೇಳುತ್ತಾರೆ. ಮಗಳು ಒಂದು ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದಳು. ನಿಮ್ಮ ಮಕ್ಕಳೊಂದಿಗೆ ನೀವೂ ಹಾಕಿ ನೋಡಬಹುದು. ಒಳಚರಂಡಿ ಇರುವ ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಸರಕಾರದ ಮಾನದಂಡ. ಊರಿನ ಜನಸಂಖ್ಯೆಯನ್ನು ಐದು ಲಕ್ಷ ಎಂದಿಟ್ಟುಕೊಂಡರೂ ವರ್ಷಕ್ಕೆ ಸುಮಾರು 2,460 ಕೋಟಿ ಲೀಟರ್ ಬೇಕು. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ಅಂದರೆ ಇಡೀ ಊರಿನ ಒಂದು ವರ್ಷದ ನೀರು ಒಂದು ಟಿಎಂಸಿಗಿಂತ ಕಡಿಮೆ! ಅಣೆಕಟ್ಟು ಹಿಡಿಯುವುದು 71.5 ಟಿಎಂಸಿ. ಹಾಗಾದರೆ ಕೊನೆಯ ರೈತನ ನೀರನ್ನು ನಮ್ಮ ನಲ್ಲಿಯೊಂದೇ ಕುಡಿದಿಲ್ಲ. ನಾಲೆಯ ಮೇಲ್ಭಾಗದಲ್ಲಿ ಅಡಿಕೆ ತೋಟಗಳು ಹಬ್ಬಿರುವುದು, ನಾಲೆಗೆ ನೇರವಾಗಿ ಪಂಪ್ ಇಟ್ಟು ಎಳೆಯುವುದು, ನಾಲೆ ಬಿರುಕು ಬಿಟ್ಟು ಸೋರುವುದು ಎಲ್ಲವೂ ಲೆಕ್ಕಕ್ಕೆ ಬರಬೇಕು.

"ಹಾಗಾದರೆ ನಗರ ನಿರಪರಾಧಿಯೇ?" ಎಂದು ಕೇಳಿದೆ. ಅವಳು ಇನ್ನೊಂದು ಲೆಕ್ಕ ಹಾಕಿದಳು. ಒಂದು ಎಕರೆ ಭತ್ತದ ಒಂದು ಬೆಳೆಗೆ ಸರಿಸುಮಾರು 48 ಲಕ್ಷ ಲೀಟರ್ ನೀರು ಬೇಕು. ಅದೇ ಎಕರೆ ಬಡಾವಣೆಯಾದರೆ ರಸ್ತೆ, ಉದ್ಯಾನಕ್ಕೆ ಬಿಟ್ಟು ಮೂವತ್ತು ನಲವತ್ತರ ಸುಮಾರು ಇಪ್ಪತ್ತು ಸೈಟ್‌ಗಳಾಗುತ್ತವೆ. ಮನೆಗೆ ಐವರಂತೆ ನೂರು ಜನ. ದಿನಕ್ಕೆ 135 ಲೀಟರಿನಂತೆ ವರ್ಷಕ್ಕೆ 49 ಲಕ್ಷ ಲೀಟರ್. ಹೆಚ್ಚೂಕಡಿಮೆ ಅಷ್ಟೇ ನೀರು!

ವ್ಯತ್ಯಾಸ ಇರುವುದು ಆಮೇಲೆ. ಗದ್ದೆಯ ನೀರಿನಲ್ಲಿ ಒಂದಷ್ಟು ಇಂಗಿ ಪಕ್ಕದ ಬಾವಿಗೆ ಹೋಗುತ್ತದೆ, ಒಂದಷ್ಟು ಬಸಿದು ಕೆಳಗಿನ ಗದ್ದೆಗೆ ಹರಿಯುತ್ತದೆ. ಗದ್ದೆಗೆ ಬೇಸಿಗೆಯಲ್ಲಿ ನೀರು ನಿಲ್ಲಿಸಬಹುದು, ಮನೆಗೆ ನಿಲ್ಲಿಸಲಾಗದು. ಮನೆಗೆ ಬಂದ ನೀರಿನ ಸುಮಾರು ಶೇ. 80 ಭಾಗ ಕೊಳೆ ನೀರಾಗಿ ಹೊರಬೀಳುತ್ತದೆ. ಅದನ್ನು ಶುದ್ಧಮಾಡದೆ ಬಿಟ್ಟರೆ ಕೆಳಗಿನ ಹಳ್ಳ, ಕೆರೆ, ಬಾವಿಗಳೆಲ್ಲ ಕೆಡುತ್ತವೆ. ಮೇಲಾಗಿ ಅಂಗಳಕ್ಕೆಲ್ಲ ಸಿಮೆಂಟು, ರಸ್ತೆಗೆಲ್ಲ ಡಾಂಬರು ಹಾಕಿದಾಗ ಮಳೆ ನೀರು ಇಂಗಲು ಜಾಗವಿರುವುದಿಲ್ಲ. ಹಾಗಾಗಿ ನಗರ ಎಷ್ಟು ನೀರು ತೆಗೆದುಕೊಳ್ಳುತ್ತದೆ ಎಂಬುದಕ್ಕಿಂತ ಅದನ್ನು ಹೇಗೆ ಹಿಂದಿರುಗಿಸುತ್ತದೆ ಎಂಬುದನ್ನು ನಾವು ಹೆಚ್ಚು ಕೇಳಬೇಕು. ಸಾಲ ಪಡೆಯುವುದು ತಪ್ಪಲ್ಲ, ಹಿಂದಿರುಗಿಸುವ ರೀತಿ ಮುಖ್ಯ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಹಾಗೆ.

ಹಿಂದಿರುಗಿಸುವ ಪ್ರಯತ್ನಗಳೂ ಇವೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳೆ ನೀರನ್ನು ಸಂಸ್ಕರಿಸಿ ಕೋಲಾರದ ಬತ್ತಿದ ಕೆರೆಗಳಿಗೆ ಹರಿಸಲಾಗುತ್ತಿದೆ. ಕೆ.ಸಿ. ವ್ಯಾಲಿ ಯೋಜನೆ ಎಂದು ಅದರ ಹೆಸರು. ಅಲ್ಲಿನ ಬಾವಿ, ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ ಎಂದು ಸಂತೋಷಪಟ್ಟವರಿದ್ದಾರೆ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಬೇಕು ಎಂದು ಹೋರಾಡುತ್ತಿರುವವರೂ ಇದ್ದಾರೆ. ಎರಡನೆಯವರ ಮಾತು ನನಗೆ ಸರಿಯೆನಿಸುತ್ತದೆ. ಪಕ್ಕದ ಮನೆಯ ಪಾತ್ರೆಯನ್ನು ಹಿಂದೆ ಕೊಡುವಾಗ ನಾವು ತೊಳೆದೇ ಕೊಡುತ್ತೇವಲ್ಲವೇ?

ಈಗ ತವರಿನ ಕಡೆಗೆ ಹೋಗೋಣ. 2001ರಿಂದ 2011ರ ನಡುವೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಹೆಚ್ಚುವ ಬದಲು ಸ್ವಲ್ಪ ಇಳಿದಿತ್ತು. 11,40,905 ಇದ್ದದ್ದು 11,37,961ಕ್ಕೆ ಬಂದಿತ್ತು. ಆದರೂ ತರೀಕೆರೆ, ಬೀರೂರು, ಕಡೂರು ಪೇಟೆಗಳ ಅಂಚಿನಲ್ಲಿ ಸೈಟಿನ ಕಲ್ಲುಗಳು ಎದ್ದವು. ಜನ ಹೆಚ್ಚದೆ ಪೇಟೆ ಬೆಳೆದದ್ದು ಹೇಗೆ? ಹಳ್ಳಿಯಿಂದ ಪೇಟೆಗೆ, ಪೇಟೆಯಿಂದ ಬೆಂಗಳೂರಿಗೆ ಮಕ್ಕಳು ಹೊರಟರು. ಬೆಂಗಳೂರಿನಲ್ಲಿ ದುಡಿದ ಹಣ ಇಲ್ಲಿ ಸೈಟಾಗಿ ಹಿಂದಿರುಗಿತು. ಬೆಂಗಳೂರು–ಹೊನ್ನಾವರ ರಸ್ತೆಯನ್ನು ಅಗಲ ಮಾಡುವ ಕೆಲಸ ಶುರುವಾದ ಮೇಲೆ ಅಕ್ಕಪಕ್ಕದ ಹೊಲಗಳ ಬೆಲೆ ಏರಿತು. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದು, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳುವುದು ಸುಲಭವಾಯಿತು. ನಗರ ಬೆಳೆಯುವುದು ತನ್ನ ಗಡಿಯಲ್ಲಿ ಮಾತ್ರವಲ್ಲ. ಇನ್ನೂರು ಕಿಲೋಮೀಟರ್ ಆಚೆಯ ತೋಟವೂ ಅದರ ಲೆಕ್ಕಕ್ಕೆ ಸೇರುತ್ತದೆ.

ಈ ಸೀಮೆಯ ಜನ ದೊಡ್ಡ ಯೋಜನೆಗಳಿಗೆ ಮೊದಲೂ ಜಾಗ ಬಿಟ್ಟುಕೊಟ್ಟವರು. ಭದ್ರಾ ಜಲಾಶಯಕ್ಕಾಗಿ ಹಳ್ಳಿಗಳು ಮುಳುಗಿದವು. ಭದ್ರಾ ಅಭಯಾರಣ್ಯದೊಳಗಿನ 400ಕ್ಕೂ ಹೆಚ್ಚು ಕುಟುಂಬಗಳು 2001–02ರ ವೇಳೆಗೆ ಕಾಡು ಬಿಟ್ಟು ಹೊರಬಂದವು. ಅವರಲ್ಲಿ ಹೆಚ್ಚಿನವರಿಗೆ ತರೀಕೆರೆ ಸಮೀಪದ ಎಂ.ಸಿ. ಹಳ್ಳಿಯಲ್ಲಿ ಮನೆ, ಜಮೀನು ಕೊಟ್ಟರು. ಈಗ ಭದ್ರಾ ಮೇಲ್ದಂಡೆ ಯೋಜನೆ ಬಂದಿದೆ. ತುಂಗೆಯಿಂದ 17.40 ಟಿಎಂಸಿ ನೀರನ್ನು ಭದ್ರೆಗೆ ಎತ್ತಿ, ಭದ್ರೆಯಿಂದ ಒಟ್ಟು 29.90 ಟಿಎಂಸಿ ನೀರನ್ನು ಅಜ್ಜಂಪುರದ ಬಳಿಯ ಸುಮಾರು ಏಳು ಕಿಲೋಮೀಟರಿನ ಸುರಂಗದ ಮೂಲಕ ಚಿತ್ರದುರ್ಗ, ತುಮಕೂರಿನ ಬಯಲಿಗೆ ಒಯ್ಯುವ ಯೋಜನೆ. 367 ಕೆರೆಗಳನ್ನು ಅರ್ಧದಷ್ಟು ತುಂಬಿಸುವ ಗುರಿ ಇದೆ. 1907ರಲ್ಲಿ ಪೂರ್ಣಗೊಂಡ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ 2019ರಿಂದ ಈ ನೀರು ಬರತೊಡಗಿತು. ಮಳೆಯೂ ಕೂಡಿಬಂದು 2022ರ ಸೆಪ್ಟೆಂಬರಿನಲ್ಲಿ ಆ ಅಣೆಕಟ್ಟು 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. ಬಯಲುಸೀಮೆಯ ಜನ ಅದನ್ನು ನೋಡಲು ಜಾತ್ರೆಯಂತೆ ನೆರೆದರು. ಅವರ ಸಂತೋಷವನ್ನು ಬೇಡವೆನ್ನಲು ಯಾರಿಗೆ ಮನಸ್ಸು ಬಂದೀತು?

ಆದರೆ ಕೊಡ ಒಂದೇ, ಲೋಟಗಳು ಹೆಚ್ಚುತ್ತಿವೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಿದಾಗ, ಭದ್ರಾ ನಾಲೆಗೆ ನೀರು ನಿಲ್ಲಿಸಿದ್ದಕ್ಕೆ ದಾವಣಗೆರೆಯ ರೈತರು ಬೀದಿಗಿಳಿದರು. 2025ರ ಜೂನ್‌ನಲ್ಲಿ ಇನ್ನೊಂದು ಜಗಳ ಎದ್ದಿತು. ಬಲದಂಡೆ ನಾಲೆಯಿಂದ ನೀರು ತೆಗೆದು ತರೀಕೆರೆ, ಹೊಸದುರ್ಗದ ಕಡೆಯ ಹಳ್ಳಿಗಳಿಗೆ ಕುಡಿಯಲು ಕೊಡುವ ಕಾಮಗಾರಿಗಾಗಿ ನಾಲೆಯ ದಂಡೆಯನ್ನು ಸೀಳಲಾಯಿತು. ಇದರಿಂದ ಕೆಳಗಿನ ಗದ್ದೆಗಳಿಗೆ ನೀರು ತಪ್ಪುತ್ತದೆ ಎಂದು ನಮ್ಮ ಜಿಲ್ಲೆ ಸಿಡಿದೆದ್ದು, ದಾವಣಗೆರೆ ಬಂದ್ ಕೂಡ ಆಯಿತು.

ಆ ದಿನಗಳಲ್ಲಿ ನಮ್ಮ ಮನೆಯ ಊಟದ ಹೊತ್ತು ಹೇಗಿತ್ತೆಂದು ನೀವೇ ಊಹಿಸಿ. ಮಾವನವರು ನಾಲೆಯ ನೀರನ್ನು ನಂಬಿ ಬದುಕಿದವರು. ಅವರ ಅಣ್ಣತಮ್ಮಂದಿರಿಗೆ ಈಗಲೂ ನಾಲೆಯ ಕೊನೆಯಲ್ಲಿ ಗದ್ದೆಯಿದೆ. "ಇಲ್ಲೇ ಸಾಲದು, ಮೇಲಿನಿಂದಲೇ ತೆಗೆದರೆ ನಮಗೇನು ಉಳಿಯುತ್ತದೆ?" ಎಂಬುದು ಅವರ ಮಾತು. ಆಚೆಯಿಂದ ಅಣ್ಣನ ಫೋನ್. "ಅಣೆಕಟ್ಟು ಇರುವುದು ನಮ್ಮ ತಾಲೂಕಿನಲ್ಲಿ. ನಿಮ್ಮವರು ಗದ್ದೆಗೆ ಕೇಳುತ್ತಿದ್ದಾರೆ, ನಾವು ಕುಡಿಯಲು ಕೇಳುತ್ತಿದ್ದೇವೆ. ಅದೂ ಬೇಡವೇ?" ಇಬ್ಬರೂ ನನ್ನವರು. ಹೆಣ್ಣುಮಕ್ಕಳ ಪಾಲಿಗೆ ಇಂತಹ ಸಂಕಟ ಹೊಸದಲ್ಲ, ಎರಡು ಮನೆಗಳ ನಡುವೆ ನಿಂತು ಎರಡನ್ನೂ ಕೇಳಿಸಿಕೊಳ್ಳುವುದು ನಮಗೆ ಅಭ್ಯಾಸ. ಈ ಅಭ್ಯಾಸ ನೀರಿನ ವಿಷಯದಲ್ಲೂ ಉಪಯೋಗಕ್ಕೆ ಬರಬೇಕು ಎಂದು ನನಗೆ ಆಗ ಅನಿಸಿತು.

ಮಗಳು ತಾತನ ಪಕ್ಕ ಕುಳಿತು ಅದೇ ಲೆಕ್ಕದ ಹಾಳೆಯನ್ನು ಬಿಚ್ಚಿದಳು. ಕೇಂದ್ರ ಸರಕಾರ 2019ರಲ್ಲಿ ಆರಂಭಿಸಿದ ಜಲಜೀವನ್ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ನಿಗದಿಯಾಗಿದೆ. ಹತ್ತು ಲಕ್ಷ ಜನರಿಗೆ ಆ ಲೆಕ್ಕದಲ್ಲಿ ವರ್ಷವಿಡೀ ಕೊಟ್ಟರೂ ಮುಕ್ಕಾಲು ಟಿಎಂಸಿ ಆಗುವುದಿಲ್ಲ ಎಂದು ತೋರಿಸಿದಳು. ಮಾವ ಬಹಳ ಹೊತ್ತು ಹಾಳೆ ನೋಡಿದರು. "ನೀರಿನ ಭಯ ಅಲ್ಲಮ್ಮ, ಇವತ್ತು ಕುಡಿಯೋಕೆ ಅಂತ ಒಂದು ತೂತು, ನಾಳೆ ಇನ್ನೇನಕ್ಕೋ ಇನ್ನೊಂದು ತೂತು, ಆಮೇಲೆ ನಮ್ಮನ್ನು ಕೇಳೋರು ಯಾರು?" ಎಂದರು. ಅವರ ಭಯವೂ ಸುಳ್ಳಲ್ಲ. ಲೆಕ್ಕದಿಂದ ಮುಗಿಯುವ ಜಗಳವಲ್ಲ ಇದು. ಕೇಳದೆ ಮಾಡುತ್ತಾರೆ ಎಂಬ ಅಪನಂಬಿಕೆಯ ಜಗಳ. ಕಲ್ಲು ನೆಟ್ಟ ಮೇಲೆ ಸುದ್ದಿ ತಿಳಿದ ಆ ಅಜ್ಜಿಗೂ, ನಾಲೆ ಸೀಳಿದ ಮೇಲೆ ಸುದ್ದಿ ತಿಳಿದ ರೈತರಿಗೂ ಆದ ನೋವು ಒಂದೇ.

ಆ ಎರಡು ಸಂಖ್ಯೆಗಳು ಮಾತ್ರ ನನ್ನನ್ನು ಇನ್ನೂ ಬಿಟ್ಟಿಲ್ಲ. 135 ಮತ್ತು 55. ನನಗೆ ದಾವಣಗೆರೆಯಲ್ಲಿ 135 ಲೀಟರ್, ನೀರು ಹುಟ್ಟುವ ಬೆಟ್ಟದ ಬುಡದಲ್ಲಿರುವ ನನ್ನ ಅತ್ತಿಗೆಗೆ 55 ಲೀಟರ್. ಒಳಚರಂಡಿಗೆ ಹೆಚ್ಚು ನೀರು ಬೇಕು ಎಂಬ ಕಾರಣ ಕೊಡುತ್ತಾರೆ. ಆದರೆ ಅತ್ತಿಗೆಯ ಮನೆಯಲ್ಲಿ ದನಗಳೂ ಇವೆ, ಬಾಣಂತಿಯೂ ಇದ್ದಾಳೆ, ಐದು ಹೊತ್ತಿನ ವುಝೂ ಅವರಿಗೂ ಇದೆ. ಆ ಮನೆಯಲ್ಲಿ ವುಝೂ ಮಾಡುವ ನೀರು ಕರಿಬೇವಿನ ಗಿಡದ ಬುಡಕ್ಕೆ ಹೋಗುವಂತೆ ಕಲ್ಲು ಜೋಡಿಸಿದ್ದಾರೆ. ಅದನ್ನು ಯಾವ ಇಂಜಿನಿಯರೂ ಹೇಳಿಕೊಟ್ಟದ್ದಲ್ಲ.

ಇನ್ನು ನಮ್ಮ ತೋಟದ ವಿಷಯ. 2010ರ ದಶಕದಲ್ಲಿ ವರ್ಷದ ಮೇಲೆ ವರ್ಷ ಬರ ಬಂದು ಕಡೂರು ಸೀಮೆಯ ತೆಂಗಿನ ಮರಗಳು ಸುಳಿ ಒಣಗಿ ನಿಂತಾಗ ನಮ್ಮವೂ ಅರ್ಧಕ್ಕರ್ಧ ಹೋದವು. ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆಸಿ ಅಣ್ಣ ಸಾಲಗಾರನಾದ. ಈಗ ರಸ್ತೆ ಬದಿಯ ಆ ಜಾಗವನ್ನು ಬಡಾವಣೆ ಮಾಡುತ್ತೇವೆ ಎಂದು ಒಬ್ಬರು ಬಂದಿದ್ದಾರೆ. ಅಬ್ಬ ತೀರಿಕೊಂಡ ಮೇಲೆ ಜಮೀನು ಎಲ್ಲರ ಹೆಸರಿಗೂ ಬಂದಿರುವುದರಿಂದ ಮೂವರು ಅಕ್ಕತಂಗಿಯರ ಸಹಿಯೂ ಬೇಕು. ಕಿರಿಯ ತಂಗಿಗೆ ಮಗಳ ಮದುವೆಯಿದೆ, ಹಣ ಬೇಕು. ಅಣ್ಣನಿಗೆ ಸಾಲ ತೀರಬೇಕು. ಇವರನ್ನು ದುರಾಸೆಯವರೆಂದು ಹೇಳಲು ನನಗೆ ಬಾಯಿ ಬಾರದು. ಒಣಗಿದ ಮರವನ್ನು ಅಪ್ಪಿಕೊಂಡು ಕುಳಿತುಕೋ ಎಂದು ದೂರದಲ್ಲಿ ನಲ್ಲಿ ನೀರು ಕುಡಿಯುವ ನಾನು ಹೇಳುವುದು ನ್ಯಾಯವೂ ಅಲ್ಲ.

ನಾವು ಅಕ್ಕತಂಗಿಯರು ಬೇರೆ ದಾರಿ ಹಿಡಿದೆವು. ಮಾರುವುದು ಬೇಡವೆನ್ನಲಿಲ್ಲ, ಸಹಿಗೆ ಮೊದಲು ಗ್ರಾಮ ನಕ್ಷೆ ತರಿಸಿದೆವು. ನಕ್ಷೆಯಲ್ಲಿ ನಮ್ಮ ತೋಟದ ಅಂಚಿನಲ್ಲಿ ಬೆಟ್ಟದ ಕಡೆಯಿಂದ ಬರುವ ಹಳ್ಳ ಸ್ಪಷ್ಟವಾಗಿ ಗುರುತಾಗಿತ್ತು. ಬಡಾವಣೆಯ ಕರಡು ನಕ್ಷೆಯಲ್ಲಿ ಅದು ಇರಲಿಲ್ಲ. ಬೇಸಿಗೆಯಲ್ಲಿ ಒಣಗಿರುವ ಹಳ್ಳ, ನೋಡಿದವರಿಗೆ ಬರೀ ತಗ್ಗು. ಆದರೆ ಮಳೆಗಾಲದಲ್ಲಿ ಅದು ಕೆಳಗಿನ ಕೆರೆಗೆ ನೀರೊಯ್ಯುತ್ತದೆ, ಆ ಕೆರೆಯನ್ನು ನಂಬಿ ಇಪ್ಪತ್ತು ಮೂವತ್ತು ಕುಟುಂಬಗಳಿವೆ. ಹಳ್ಳಕ್ಕೂ ಅದರ ದಂಡೆಗೂ ಕೈ ಹಚ್ಚಬಾರದು, ಕೊಳೆ ನೀರನ್ನು ಅದಕ್ಕೆ ಬಿಡಬಾರದು, ಹಿಂದಿನ ಒಂದು ಎಕರೆ ಮತ್ತು ಬಾವಿ ಮಾರಾಟಕ್ಕಿಲ್ಲ ಎಂದು ಬರೆದುಕೊಟ್ಟೆವು. ಸೈಟ್‌ಗಳು ಕಡಿಮೆಯಾಗುತ್ತವೆ, ಬೆಲೆಯೂ ಇಳಿಯುತ್ತದೆ ಎಂದು ಬಂದವರು ಮುಖ ಸಣ್ಣ ಮಾಡಿದರು. ತಂಗಿಯೂ ಒಂದು ದಿನ ನನ್ನೊಂದಿಗೆ ಮಾತು ಬಿಟ್ಟಳು. ಮಾರನೆಯ ದಿನ ಅವಳೇ ಫೋನ್ ಮಾಡಿ, "ಕೆಳಗಿನ ಕೆರೆಯಲ್ಲೇ ಅಲ್ಲವಾ ನಾವು ಈಜು ಕಲಿತದ್ದು. ಕಡಿಮೆ ಬಂದದ್ದನ್ನು ನಿನ್ನ ಪಾಲಿನಿಂದ ಕೊಡು" ಎಂದು ನಕ್ಕಳು. ಕೊಡುತ್ತೇನೆ ಎಂದಿದ್ದೇನೆ. ತಮಾಷೆಗಲ್ಲ. ಮಾತುಕತೆ ಇನ್ನೂ ನಡೆಯುತ್ತಿದೆ, ಸಹಿ ಇನ್ನೂ ಹಾಕಿಲ್ಲ.

ಸಹೋದರಿಯರೇ, ನಿಮ್ಮಲ್ಲಿ ಎಷ್ಟೋ ಮಂದಿಗೆ ಇಂತಹ ಕಾಗದ ಒಂದಲ್ಲ ಒಂದು ದಿನ ಮುಂದೆ ಬರುತ್ತದೆ. "ಇಲ್ಲೊಂದು ಸಹಿ ಹಾಕು" ಎಂದು ಬೆರಳು ತೋರಿಸುತ್ತಾರೆ, ನಾವು ಹಾಕಿಬಿಡುತ್ತೇವೆ. ಆ ಹೊತ್ತಿನಲ್ಲಿ ನಾಲ್ಕು ಪ್ರಶ್ನೆ ಕೇಳಿ. ಈ ಜಾಗದಲ್ಲಿ ಹಳ್ಳ, ಕಾಲುವೆ, ದಾರಿ ಏನಾದರೂ ಇದೆಯೇ? ಪಹಣಿಯಲ್ಲಿ "ಬಿ ಖರಾಬು" ಎಂದಿದ್ದರೆ ಅದು ಸಾರ್ವಜನಿಕರ ಜಾಗ, ಮನೆಯವರು ಮಾರುವಂತಿಲ್ಲ. ಮುಂದೆ ಇಲ್ಲಿ ಬರುವವರಿಗೆ ನೀರು ಎಲ್ಲಿಂದ? ಅವರು ಬಳಸಿದ ನೀರು ಹೋಗುವುದೆಲ್ಲಿಗೆ? ಈ ಮಣ್ಣಿನಲ್ಲಿ ದುಡಿದವರಿಗೆ ವಿಷಯ ತಿಳಿಸಿದ್ದೀರಾ? ಸೈಟ್ ಕೊಳ್ಳುವವರೂ ಇದನ್ನೇ ಕೇಳಿ. ಹಳ್ಳ ಮುಚ್ಚಿ ಮಾಡಿದ ಬಡಾವಣೆಯಲ್ಲಿ ಮನೆ ಕಟ್ಟಿದವರ ಹಾಸಿಗೆಯೇ ದೊಡ್ಡ ಮಳೆಯಲ್ಲಿ ಮೊದಲು ತೇಲುವುದು.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಅಂಗಳಕ್ಕೆಲ್ಲ ಸಿಮೆಂಟು ಬಳಿಯದೆ ಒಂದಷ್ಟು ಮಣ್ಣು ಉಳಿಸಿ. ತಾರಸಿಯ ಮಳೆ ನೀರನ್ನು ಇಂಗುಗುಂಡಿಗೆ ಬಿಡಿ. ಅಕ್ಕಿ ತೊಳೆದ ನೀರು, ವುಝೂ ಮಾಡಿದ ನೀರು ಗಿಡಕ್ಕೆ ಹೋಗಲಿ. ಇದರಿಂದ ಊರಿನ ಸಮಸ್ಯೆ ಬಗೆಹರಿಯುತ್ತದೆ ಎಂದು ನಾನು ಹೇಳುವುದಿಲ್ಲ. ದೊಡ್ಡ ಕೆಲಸ ಪಾಲಿಕೆ ಮತ್ತು ಸರಕಾರದ್ದು. ಆದರೆ ಪಾಲಿಕೆಗೆ ಮತ ಕೇಳಲು ಬಂದವರನ್ನು "ನಮ್ಮ ಮನೆಯ ಕೊಳೆ ನೀರು ಶುದ್ಧವಾಗಿ ಹೋಗುತ್ತದೆಯೋ, ಹಾಗೆಯೇ ಹಳ್ಳಕ್ಕೆ ಬೀಳುತ್ತದೆಯೋ?" ಎಂದು ಕೇಳುವವರು ಬೇಕಲ್ಲ. ನೀರಿನ ಲೆಕ್ಕ ಗೊತ್ತಿರುವ ನಾವಲ್ಲದೆ ಬೇರೆ ಯಾರು ಕೇಳಬೇಕು?

ಮಗಳ ಅಧ್ಯಯನ ಮುಗಿದು ಅಂಕವೂ ಬಂತು. ಅದರ ಒಂದು ಪ್ರತಿಯನ್ನು ಅವಳು ಹಿರಿಯ ಮಾವನ ಮನೆಗೂ, ಇನ್ನೊಂದನ್ನು ತರೀಕೆರೆಯ ಅಣ್ಣನಿಗೂ ಕೊಟ್ಟಿದ್ದಾಳೆ. ಇಬ್ಬರೂ ಓದುತ್ತಿದ್ದಾರೆ. ಒಬ್ಬರು ಮುಂದಿನ ಪುಟದಿಂದ, ಇನ್ನೊಬ್ಬರು ತಮ್ಮ ಊರಿನ ಹೆಸರು ಬರುವ ಪುಟದಿಂದ.